ತಪ್ಪಿದ ರೀಡಿಂಗ್‌ಗೂ ರೆಕಾರ್ಡಿನಲ್ಲಿ ಜಾಗವಿರಲಿ

ತುಂಬಿದೆ ಎಂದುಕೊಂಡು ಗ್ಯಾಸ್ ಸಿಲಿಂಡರ್ ಎತ್ತಲು ಹೋಗುತ್ತೇವೆ. ಅದು ಖಾಲಿಯಾಗಿದ್ದರೆ ಕೈ ಒಮ್ಮೆಲೇ ಮೇಲಕ್ಕೆ ಹೋಗಿ ಮೈ ಜೋಲಿ ಹೊಡೆಯುತ್ತದೆ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಅಲ್ಲಿ ನೆಲವೇ ಸಿಕ್ಕಿದರೆ ಎದೆ ಝಲ್ಲೆನ್ನುತ್ತದೆ. ಎರಡು ಕಡೆಯೂ ಆಗುವುದು ಒಂದೇ: ಮೆದುಳು ಮೊದಲೇ ಹಾಕಿಟ್ಟಿದ್ದ ಲೆಕ್ಕ ತಪ್ಪುತ್ತದೆ.

ಕೈಕಾಲುಗಳಿಂದ ಸಂದೇಶ ಮೆದುಳಿಗೆ ತಲುಪಲು ಸ್ವಲ್ಪ ಸಮಯ ಬೇಕು. ಅದಕ್ಕಾಗಿ ಕಾದು ಕುಳಿತರೆ ಕ್ರಿಕೆಟ್‌ನಲ್ಲಿ ಒಂದು ಕ್ಯಾಚ್ ಕೂಡ ಹಿಡಿಯಲಾಗದು. ಆದ್ದರಿಂದ ಮೆದುಳು ಸ್ನಾಯುಗಳಿಗೆ ಆಜ್ಞೆ ಕೊಡುವಾಗಲೇ ಅದರ ಫಲ ಏನಾಗಬಹುದೆಂದು ಊಹಿಸಿಕೊಳ್ಳುತ್ತದೆ. ತಲೆಯ ಹಿಂಭಾಗದಲ್ಲಿರುವ ಅನುಮಸ್ತಿಷ್ಕಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದರಿಂದಲೇ. 1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ತಾವೇ ಮುಟ್ಟಿಕೊಂಡವರಲ್ಲಿ ಸ್ಪರ್ಶವನ್ನು ಗ್ರಹಿಸುವ ಭಾಗದ ಚಟುವಟಿಕೆ ಕಡಿಮೆಯಿತ್ತು.

ಈ ಊಹೆ ಹುಟ್ಟಿನಿಂದಲೇ ಪಕ್ವವಾಗಿ ಬಂದದ್ದಲ್ಲ, ತಪ್ಪಿ ತಪ್ಪಿ ಕಲಿತದ್ದು. ನೋಟವನ್ನು ಒಂದು ಬದಿಗೆ ಸರಿಸುವ ಪ್ರಿಸಮ್ ಕನ್ನಡಕ ಹಾಕಿಕೊಂಡು ಗುರಿಗೆ ಚೆಂಡೆಸೆದರೆ ಮೊದಮೊದಲು ಅದು ಪಕ್ಕಕ್ಕೆ ಬೀಳುತ್ತದೆ. ಎಸೆಯುತ್ತಾ ಹೋದಂತೆ ಗುರಿ ಮುಟ್ಟುತ್ತದೆ. ಕನ್ನಡಕ ತೆಗೆದರೆ ಈಗ ಎದುರು ಬದಿಗೆ ಬೀಳುತ್ತದೆ! ಊಹೆಗೂ ಫಲಕ್ಕೂ ನಡುವಿನ ವ್ಯತ್ಯಾಸವೇ ಕೈಗೆ ಪಾಠ ಹೇಳಿಕೊಟ್ಟಿದೆ.

ಈಗ ಪ್ರಯೋಗಾಲಯಕ್ಕೆ ಬರೋಣ. ದ್ವಿತೀಯ ಪಿಯು ವಿಜ್ಞಾನ ವಿಷಯಗಳಲ್ಲಿ ಪ್ರಾಕ್ಟಿಕಲ್‌ಗೆ 30 ಅಂಕಗಳಿವೆ. ಆದರೆ ಎಷ್ಟೋ ಕಡೆ ಒಬ್ಬರು ಬ್ಯುರೆಟ್ ಹಿಡಿಯುತ್ತಾರೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹನಿಹನಿಯಾಗಿ ಬಿದ್ದು ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಬಣ್ಣ ನಿಂತ ಕ್ಷಣಕ್ಕೆ ಕಾಕ್ ಮುಚ್ಚಬೇಕು. ಮೊದಲ ಸಲ ಹನಿ ಹೆಚ್ಚಾಗಿ ಬಣ್ಣ ಗಾಢವಾಗುತ್ತದೆ. ಮೂರ್ನಾಲ್ಕು ಸಲವಾದ ಮೇಲೆ ಬೆರಳು ತಾನಾಗಿಯೇ ಮೊದಲೇ ನಿಧಾನಿಸುತ್ತದೆ. ಪಕ್ಕದಲ್ಲಿ ನಿಂತು ಬರೆದುಕೊಂಡವರ ಬೆರಳಿಗೆ ಈ ವಿದ್ಯೆ ಬರುವುದು ಹೇಗೆ?

ಬ್ಯಾಚ್ ದೊಡ್ಡದು, ಸಮಯ ಕಡಿಮೆ, ರಾಸಾಯನಿಕಗಳಿಗೆ ಖರ್ಚಾಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೂ ಪ್ರತಿಯೊಬ್ಬರ ಕೈಗೂ ಒಮ್ಮೆಯಾದರೂ ಉಪಕರಣ ಸಿಗಲಿ. ಪ್ರಯೋಗಕ್ಕೆ ಮುನ್ನ ಎಷ್ಟು ಬರಬಹುದೆಂದು ಒಂದು ಊಹೆ ಬರೆಯೋಣ. ತಪ್ಪಿದ ರೀಡಿಂಗನ್ನೂ ಕಾರಣದೊಂದಿಗೆ ರೆಕಾರ್ಡಿನಲ್ಲಿ ಉಳಿಸೋಣ. ಅದಕ್ಕೆ ಅಂಕ ಕಡಿಯಬಾರದೆಂದು ಉಪನ್ಯಾಸಕರಲ್ಲಿ ವಿನಂತಿ. ಅಂಕದ ಭಯವಿದ್ದಲ್ಲಿ ಪಕ್ಕದವರ ಉತ್ತರವೇ ಎಲ್ಲರ ಉತ್ತರವಾಗುತ್ತದೆ.

11ನೇ ಶತಮಾನದಲ್ಲಿ 'ಕಿತಾಬುಲ್ ಮನಾಝಿರ್' ಬರೆದ ಇಬ್ನುಲ್ ಹೈಸಮ್, ಕಂಡದ್ದನ್ನು ಗುರುತಿಸುವಾಗ ಹಿಂದಿನ ಅನುಭವವೂ ಸೇರಿರುತ್ತದೆ, ಅದು ನಮ್ಮ ಗಮನಕ್ಕೇ ಬಾರದಷ್ಟು ವೇಗವಾಗಿ ನಡೆಯುತ್ತದೆ ಎಂದು ವಿವರಿಸಿದ್ದರು. ಭಾಷಣ ಸ್ಪರ್ಧೆಗಳಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಅವರಾದರೋ ಬೆಳಕನ್ನು ಕುರಿತು ಸ್ವತಃ ಪ್ರಯೋಗ ಮಾಡಿ ನೋಡಿದವರು.

ಓದಿಗೂ ಇದೇ ನಿಯಮ. ಪುಸ್ತಕ ಮುಚ್ಚಿ, ಉತ್ತರ ಬರೆದು, ಆಮೇಲೆ ತೆರೆದು ನೋಡಿ. ತಪ್ಪಿದ ಜಾಗದಿಂದಲೇ ಕಲಿಕೆ ಶುರುವಾಗುತ್ತದೆ.