ಅಂಗದ ಲೆಕ್ಕವಲ್ಲ, ದುಡಿಮೆಯ ಲೆಕ್ಕ ಬೇಕು

ಅಪಘಾತ ವಿಮೆಯ ಕ್ಲೇಮ್ ತಿರಸ್ಕರಿಸುವಾಗ ಕಂಪನಿಗಳು ಮುಂದಿಡುವ ಒಂದು ಕಾರಣ, ‘ನಿಮ್ಮ ಅಂಗವೈಕಲ್ಯ ಪಾಲಿಸಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ’ ಎಂಬುದು. ಆ ವ್ಯಾಖ್ಯೆಯಲ್ಲೇ ದೋಷವಿದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ನೋಡಿ. ವರ್ಷಕ್ಕೆ 20 ರೂಪಾಯಿ ಕಂತು. ಎರಡೂ ಕೈ, ಎರಡೂ ಕಾಲು ಅಥವಾ ಎರಡೂ ಕಣ್ಣು ಶಾಶ್ವತವಾಗಿ ಹೋದರೆ 2 ಲಕ್ಷ, ಒಂದು ಹೋದರೆ 1 ಲಕ್ಷ. ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಕೊನೆಗಾರನೊಬ್ಬ ಕೋಲೂರಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಬಲ್ಲನೆಂದುಕೊಳ್ಳಿ. ಮರ ಹತ್ತುವುದಿರಲಿ, ಗೊನೆ ಹೊರುವುದೂ ಅವನಿಂದ ಇನ್ನಾಗದು. ಆದರೂ ಈ ಪಟ್ಟಿಯ ಪ್ರಕಾರ ಅವನ ಕಾಲುಗಳು ‘ಹೋಗಿಲ್ಲ’. ಹೋದದ್ದು ಅನ್ನ ಮಾತ್ರ, ಅದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.

ನಮ್ಮ ನ್ಯಾಯಾಲಯಗಳು ಈ ಅಳತೆಯನ್ನು ಎಂದೋ ದಾಟಿವೆ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ದುಡಿಯುವ ಸಾಮರ್ಥ್ಯ ಪೂರ್ತಿ ಹೋಗಿದೆ ಎಂಬ ನಿರ್ಣಯವನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಎತ್ತಿಹಿಡಿಯಿತು. 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು: ಕೈ ಹೋದರೆ ಚಾಲಕನ ಗಳಿಕೆ ಪೂರ್ತಿ ನಿಲ್ಲಬಹುದು, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು, ಆದ್ದರಿಂದ ವೈದ್ಯರು ಕೊಟ್ಟ ಶೇಕಡಾವಾರು ಒಂದೇ ಸಾಲದು. ಒಂದು ಕಾರ್ಮಿಕ ಪರಿಹಾರದ ಪ್ರಕರಣ, ಇನ್ನೊಂದು ಮೋಟಾರು ಅಪಘಾತದ್ದು ಎಂಬುದು ನಿಜ. ಆದರೆ ಅಲ್ಲಿಯೂ ಹಣ ಕಟ್ಟುವವರು ಬಹುಪಾಲು ಇದೇ ವಿಮಾ ಕಂಪನಿಗಳು. ಲಾರಿ ಗುದ್ದಿ ಕೈ ಹೋದರೆ ದುಡಿಮೆಯ ಲೆಕ್ಕ, ಅದೇ ಮನುಷ್ಯ ಸ್ವಂತ ಕಂತು ಕಟ್ಟಿದ ಪಾಲಿಸಿಯಲ್ಲಿ ಅಂಗದ ಲೆಕ್ಕ. ಇದು ನ್ಯಾಯವಲ್ಲ.

ವಿಮೆ ಒಂದು ಕರಾರು, ಬರೆದದ್ದಕ್ಕಷ್ಟೇ ಹಣ ಎಂದು ಕಂಪನಿಗಳು ವಾದಿಸುತ್ತವೆ. 20 ರೂಪಾಯಿಗೆ ಎಲ್ಲವನ್ನೂ ಕೇಳಲಾಗದು, ಒಪ್ಪೋಣ. ಆದರೆ ಸಾವಿರಾರು ರೂಪಾಯಿ ಕಂತಿನ ಪಾಲಿಸಿಗಳಲ್ಲೂ ‘ಯಾವುದೇ ಉದ್ಯೋಗ ಮಾಡಲಾಗದ ಸ್ಥಿತಿ’ ಎಂಬ ಷರತ್ತು ಇರುತ್ತದೆ. ಗಾರೆ ಕೆಲಸದವನಿಗೆ ‘ಕೂತು ಮಾಡುವ ಕೆಲಸ ಹುಡುಕಿಕೋ’ ಎನ್ನಲು ಅಷ್ಟು ಸಾಕು. ಓದು, ಅನುಭವ, ಊರು ನೋಡಿದರೆ ಅವನಿಗೆ ದಕ್ಕುವ ಕೆಲಸ ಯಾವುದು ಎಂಬುದೇ ಪ್ರಶ್ನೆಯಾಗಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ಈ ವ್ಯಾಖ್ಯೆಯನ್ನು ಕಡ್ಡಾಯ ಮಾಡಲಿ. ಕಂತು ತುಸು ಏರಿದರೂ ಸರಿ, ಕಷ್ಟಕ್ಕೆ ಆಗದ ಅಗ್ಗದ ವಿಮೆಯಿಂದ ಏನು ಪ್ರಯೋಜನ? ಸುಳ್ಳು ಕ್ಲೇಮುಗಳ ಭಯವಿದ್ದರೆ ವೈದ್ಯಕೀಯ ಮಂಡಳಿ ಇದೆ, ತನಿಖೆ ಇದೆ.

ಅಲ್ಲಿಯವರೆಗೆ, ತಿರಸ್ಕಾರದ ಪತ್ರವನ್ನು ಅಂತಿಮ ತೀರ್ಪೆಂದುಕೊಂಡು ಸುಮ್ಮನಾಗಬೇಡಿ. ಯಾವ ಷರತ್ತಿನಡಿ ನಿರಾಕರಿಸಿದರೆಂದು ಬರಹದಲ್ಲೇ ಕೇಳಿ; ಪತ್ರದಲ್ಲಿಲ್ಲದ ಕಾರಣವನ್ನು ಕಂಪನಿ ಆಮೇಲೆ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎಷ್ಟು ಭಾರ ಎತ್ತಬಲ್ಲಿರಿ, ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಮೊದಲು ಕಂಪನಿಗೇ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಶುಲ್ಕವಿಲ್ಲ, ವಕೀಲರು ಬೇಡ. ಅಲ್ಲಿನ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ತೆರೆದೇ ಇರುತ್ತದೆ. ಓಂಬುಡ್ಸ್‌ಮನ್‌ಗೆ ದೂರು ಕೊಡಲು ಇರುವುದು ಒಂದೇ ವರ್ಷ. ಪತ್ರ ಕೈಸೇರಿದ ದಿನಾಂಕವನ್ನು ಇಂದೇ ಬರೆದಿಟ್ಟುಕೊಳ್ಳಿ.