ಬರುವ ಮುಂಚೆಯೇ ಜಾರಿಕೊಳ್ಳುವ ‘ಅವಾಯ್ಡೆನ್ಸ್’

‘ಕರಿದ ತಿಂಡಿ ಅವಾಯ್ಡ್ ಮಾಡಿ’ ಎನ್ನುತ್ತಾರೆ ವೈದ್ಯರು. ‘ಅವಳು ಯಾಕೋ ನನ್ನನ್ನು ಅವಾಯ್ಡ್ ಮಾಡ್ತಾಳೆ’ ಎಂಬ ದೂರು ಗೆಳತಿಯರ ನಡುವೆ ಕೇಳಿಬರುತ್ತದೆ. ಕನ್ನಡದ ಮಾತಿನಲ್ಲಿ ಹೀಗೆ ಬೆರೆತುಹೋಗಿರುವ ಈ ಕ್ರಿಯಾಪದದ ನಾಮರೂಪವೇ ‘ಅವಾಯ್ಡೆನ್ಸ್’. ವರ್ಜನೆ, ದೂರವಿಡುವುದು, ತಪ್ಪಿಸಿಕೊಳ್ಳುವುದು ಎಂದೆಲ್ಲ ಇದಕ್ಕೆ ಅರ್ಥ ಹೇಳಬಹುದು. ತೊಡಕಿರುವುದು ಕೊನೆಯ ಪದದಲ್ಲಿ. ‘ತಪ್ಪಿಸಿಕೊಳ್ಳುವುದು’ ಎಂದಾಗ ಎರಡು ಬೇರೆ ಬೇರೆ ಕ್ರಿಯೆಗಳು ಒಂದೇ ಚೀಲದಲ್ಲಿ ಬೀಳುತ್ತವೆ.

ಬೋನಿಗೆ ಬಿದ್ದ ಇಲಿ ಬಾಗಿಲು ಸಡಿಲವಾದೊಡನೆ ಹೊರಗೆ ಹಾರಿದರೆ ಅದು ‘ಎಸ್ಕೇಪ್’. ಬೋನನ್ನು ಕಂಡೇ ಬೇರೆ ದಾರಿ ಹಿಡಿದರೆ ಅದು ‘ಅವಾಯ್ಡೆನ್ಸ್’. ಮೊದಲನೆಯದರಲ್ಲಿ ಕಷ್ಟ ಬಂದಾಗಿದೆ, ಎರಡನೆಯದರಲ್ಲಿ ಇನ್ನೂ ಬಂದಿಲ್ಲ. ಮನೋವಿಜ್ಞಾನ ಈ ವ್ಯತ್ಯಾಸವನ್ನು ಬಿಗಿಯಾಗಿ ಪಾಲಿಸುತ್ತದೆ.

ವ್ಯಾಕರಣದ ಒಂದು ಮಾತನ್ನೂ ಇಲ್ಲೇ ಮುಗಿಸಬಹುದು. ‘ಅವಾಯ್ಡ್ ಟು ಈಟ್’ ಎಂದು ಬರೆದರೆ ತಪ್ಪು. ‘ಅವಾಯ್ಡ್ ಈಟಿಂಗ್’ ಸರಿ. ವಾಣಿಜ್ಯ ಓದುವವರಿಗೆ ಇನ್ನೊಂದು: ಕಾಯಿದೆಯ ಚೌಕಟ್ಟಿನೊಳಗೇ ತೆರಿಗೆಯ ಹೊರೆ ತಗ್ಗಿಸಿಕೊಳ್ಳುವುದು ‘ಟ್ಯಾಕ್ಸ್ ಅವಾಯ್ಡೆನ್ಸ್’, ಆದಾಯ ಮುಚ್ಚಿಟ್ಟು ವಂಚಿಸುವುದು ‘ಟ್ಯಾಕ್ಸ್ ಇವೇಶನ್’, ಅದು ಅಪರಾಧ.

ಜೀವಿಗಳ ಪಾಲಿಗೆ ಅವಾಯ್ಡೆನ್ಸ್ ಪ್ರಾಣ ಉಳಿಸುವ ಗುಣ. ಗದ್ದೆಯ ಇಲಿಗಳಿಗೆ ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳು ಇಡುವ ರೈತರಿಗೆ ಇದು ಚೆನ್ನಾಗಿ ಗೊತ್ತು. ಇಲಿ ಹೊಸ ಆಹಾರವನ್ನು ಮೊದಲು ಚೂರೇ ತಿಂದು ನೋಡುತ್ತದೆ. ಕಾಯಿಲೆ ಬಿದ್ದು ಬದುಕಿಕೊಂಡಿತೋ, ಆ ಕಾಳಿನ ತಂಟೆಗೆ ಮತ್ತೆ ಹೋಗದು. ಆದ್ದರಿಂದಲೇ ಮೊದಲ ಒಂದೆರಡು ದಿನ ವಿಷವಿಲ್ಲದ ಕಾಳನ್ನಿಟ್ಟು ರುಚಿ ಹತ್ತಿಸುವುದು.

ಆದರೆ ಇದೇ ಗುಣ ಜೀವಿಯನ್ನು ಕಟ್ಟಿಹಾಕಲೂಬಹುದು. 1953ರಲ್ಲಿ ಅಮೆರಿಕದ ಸಾಲೊಮನ್ ಮತ್ತು ವಿನ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. (ಕ್ರೂರವಾದದ್ದೇ, ಇಂದು ಸುಲಭವಾಗಿ ಅನುಮತಿ ಸಿಗಲಾರದು.) ನಡುವೆ ಅಡ್ಡಗೋಡೆಯಿದ್ದ ಪೆಟ್ಟಿಗೆಯ ಒಂದು ಭಾಗದಲ್ಲಿ ನಾಯಿ. ದೀಪ ಆರುತ್ತದೆ, 10 ಸೆಕೆಂಡಿನ ನಂತರ ನೆಲದಿಂದ ವಿದ್ಯುತ್ ಆಘಾತ. ಮೊದಮೊದಲು ನಾಯಿ ಆಘಾತವಾದ ಮೇಲೆ ಆಚೆ ಹಾರುತ್ತಿತ್ತು. ಕೆಲವೇ ಸಲದಲ್ಲಿ, ದೀಪ ಆರಿದೊಡನೆ ಹಾರುವುದನ್ನು ಕಲಿಯಿತು. ಆಮೇಲೆ ವಿದ್ಯುತ್ತನ್ನೇ ನಿಲ್ಲಿಸಿದರು. ಆದರೂ ಕೆಲವು ನಾಯಿಗಳು ನೂರಾರು ಸಲ ಹಾರುತ್ತಲೇ ಇದ್ದವು! ಅಪಾಯ ಹೋಗಿದೆಯೆಂದು ತಿಳಿಯಬೇಕಾದರೆ ಒಂದು ಸಲವಾದರೂ ಅಲ್ಲೇ ನಿಂತು ನೋಡಬೇಕಿತ್ತು. ಅವು ನಿಲ್ಲಲೇ ಇಲ್ಲ.

ಮನೆಗಳಲ್ಲಿ ಇದರ ಪ್ರತಿರೂಪ ಕಾಣಬಹುದು. ಲೆಕ್ಕ ತಪ್ಪಿ ತರಗತಿಯಲ್ಲಿ ನಗೆಪಾಟಲಾದ ಹುಡುಗಿ ಗಣಿತದ ಪುಸ್ತಕ ತೆರೆಯುವ ಮುಂಚೆ ಮೇಜು ಒರೆಸುತ್ತಾಳೆ, ಪೆನ್ಸಿಲ್ ಚೂಪು ಮಾಡುತ್ತಾಳೆ, ಸಮಾಜ ವಿಜ್ಞಾನದ ನೋಟ್ಸು ಮತ್ತೊಮ್ಮೆ ಬರೆಯುತ್ತಾಳೆ. ಕಿರುಪರೀಕ್ಷೆಯ ದಿನ ಹೊಟ್ಟೆನೋವು. ಅದು ನಾಟಕವೇ ಆಗಿರಬೇಕಿಲ್ಲ, ಭಯಕ್ಕೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಪುಸ್ತಕ ಮುಚ್ಚಿದೊಡನೆ ಮನಸ್ಸು ಹಗುರಾಗುತ್ತದಲ್ಲ, ಆ ನೆಮ್ಮದಿಯೇ ಬಹುಮಾನ. ನಾಳೆಯೂ ಮುಚ್ಚುವಂತೆ ಮಾಡುವುದು ಅದೇ. ಇಂಥ ಮಗುವಿಗೆ ‘ಸೋಮಾರಿ’ ಎಂಬ ಹಣೆಪಟ್ಟಿ ಅಂಟಿಸುವುದು ಅನ್ಯಾಯ. ಸೋಮಾರಿಯಾದವಳು ಒಂದು ಗಂಟೆ ಕೂತು ನೋಟ್ಸು ಬರೆಯುತ್ತಾಳೆಯೇ?

ಬೈದು ಕೂರಿಸಿದರೆ ಭಯ ಇಮ್ಮಡಿಯಾದೀತು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಸುಮಾರು 3 ವರ್ಷದ ಮಗುವಿನ ವಿಷಯ ಬರೆದರು. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ತುಸು ತುಸುವೇ ಹತ್ತಿರ ತಂದರು. ನಡುವೆ ಭಯ ಮರುಕಳಿಸಿದ್ದೂ ಉಂಟು. ಕೊನೆಗೆ ಪೀಟರ್ ತನ್ನ ಬೆರಳನ್ನು ಮೊಲ ಮೆಲ್ಲಗೆ ಕಚ್ಚಿದರೂ ಸುಮ್ಮನಿದ್ದ.

ಗಣಿತಕ್ಕೂ ಈ ಕ್ರಮ ಹೊಂದುತ್ತದೆ. ಮೊದಲ ದಿನ ಪುಸ್ತಕದಲ್ಲಿ ಬಿಡಿಸಿಯೇ ಇರುವ ಉದಾಹರಣೆಯೊಂದನ್ನು ನೋಡಿ ಬರೆದರೆ ಸಾಕು. ಮರುದಿನ ಅದನ್ನೇ ನೋಡದೆ ಮಾಡುವುದು, ಆಮೇಲೆ ಸಂಖ್ಯೆ ಬದಲಿಸಿ ಇನ್ನೊಂದು. ಬೇಕಾದರೆ ಹಿಂದಿನ ತರಗತಿಯ ಪುಸ್ತಕದಿಂದಲೇ ಶುರುಮಾಡಬಹುದು. ಆ ಹತ್ತು ನಿಮಿಷ ಅಪ್ಪನೋ ಅಮ್ಮನೋ ಪಕ್ಕದಲ್ಲಿ ತಮ್ಮ ಪಾಡಿಗೆ ಅವರೆಕಾಯಿ ಸುಲಿಯುತ್ತಲೋ ಪತ್ರಿಕೆ ಓದುತ್ತಲೋ ಕೂತಿರಲಿ, ಅಂಕಗಳ ಮಾತು ಎತ್ತದೆ.