ಜ್ವರ ಬಂದಾಗಷ್ಟೇ ಕನ್ನಡ

ಕಳೆದ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂತು. ಪುಣೆಯ ಮಳೆಗಾಲ ಕಂಡವರಿಗೆ ಇದನ್ನೇನೂ ಬಿಡಿಸಿ ಹೇಳಬೇಕಿಲ್ಲ. ಸೊಸೈಟಿಯ ಪ್ರತಿ ವಿಂಗಿನಲ್ಲೂ ಒಬ್ಬರಾದರೂ ಪಪ್ಪಾಯಿ ಎಲೆಯ ರಸದ ಬಗ್ಗೆ ಉಪದೇಶ ಮಾಡುವ ಕಾಲ ಅದು. ಡಾಕ್ಟರು ಅಡ್ಮಿಟ್ ಮಾಡಿಕೊಳ್ಳಲಿಲ್ಲ. ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಮುಟ್ಟಬೇಡಿ, ನೀರು, ಎಳನೀರು ಕುಡಿಯುತ್ತಿರಿ, ದಿನವೂ ರಕ್ತ ಕೊಟ್ಟು ಪ್ಲೇಟ್‌ಲೆಟ್ ನೋಡಿಸಿ ಎಂದು ಹೇಳಿ ಮನೆಗೆ ಕಳಿಸಿದರು. ರೂಮ್‌ಮೇಟ್ ಊರಿಗೆ ಹೋಗಿದ್ದ. ಎದುರು ಮನೆಯ ಕಾಕೂ ಎರಡು ಹೊತ್ತು ಗಂಜಿ ತಂದಿಡುತ್ತಿದ್ದರು. ಹೀಗೆ ಹನ್ನೊಂದು ದಿನ ನಾನು, ಹಾಸಿಗೆ, ಹೊಟ್ಟೆಯ ಮೇಲೊಂದು ಲ್ಯಾಪ್‌ಟಾಪ್.

ಡೆಂಗ್ಯೂ ಬಂದವರಿಗೆ ಗೊತ್ತು, ಕಣ್ಣಗುಡ್ಡೆಯ ಹಿಂದೆ ಯಾರೋ ಮೊಳೆ ಹೊಡೆದಂತೆ ನೋವಿರುತ್ತದೆ. ಮೊದಲ ದಿನ ಅರ್ಧಕ್ಕೆ ಬಿಟ್ಟಿದ್ದ ಕೊರಿಯನ್ ಸರಣಿಯನ್ನು ಮುಂದುವರಿಸಲು ನೋಡಿದೆ. ಸಬ್‌ಟೈಟಲ್ ಓದಲಾಗಲಿಲ್ಲ. ಇಂಗ್ಲಿಷ್ ಹಾಕಿದೆ, ಕಿವಿಗೆ ಬಿದ್ದದ್ದು ತಲೆಗೆ ಹೋಗುವಷ್ಟರಲ್ಲಿ ಮುಂದಿನ ಮಾತು ಬಂದುಬಿಡುತ್ತಿತ್ತು. ಕೊನೆಗೆ ಕೈ ತಾನಾಗಿಯೇ ಯೂಟ್ಯೂಬಿಗೆ ಹೋಗಿ ‘ಗಣೇಶನ ಮದುವೆ’ ಹಾಕಿತು. ಕಣ್ಣು ಮುಚ್ಚಿಕೊಂಡು ನೋಡಬಹುದಾದ ಸಿನಿಮಾ ಅದೊಂದೇ. ಅನಂತನಾಗ್ ಮತ್ತು ಮುಖ್ಯಮಂತ್ರಿ ಚಂದ್ರು ವಠಾರದಲ್ಲಿ ಕಚ್ಚಾಡುತ್ತಿದ್ದರೆ, ನನಗೆ ಮುಂದಿನ ಮಾತು ಅವರಿಗಿಂತ ಮೊದಲೇ ಗೊತ್ತು. ಅದಾದ ಮೇಲೆ ‘ಗೌರಿ ಗಣೇಶ’. ಅದಾದ ಮೇಲೆ ‘ನಾ ನಿನ್ನ ಮರೆಯಲಾರೆ’. ರಾತ್ರಿ ನಿದ್ದೆ ಬಾರದಾಗ ಸಿ. ಅಶ್ವಥ್ ದನಿಯಲ್ಲಿ ಶರೀಫರ ತತ್ವಪದ.

ಮೂರನೆಯ ದಿನ ನಮ್ಮ ಆಫೀಸಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದೆ: ಹುಷಾರಿಲ್ಲದಾಗ ನೀವೆಲ್ಲ ಏನು ನೋಡ್ತೀರಿ, ಏನು ಕೇಳ್ತೀರಿ? ಐದು ನಿಮಿಷದಲ್ಲಿ ಮೂವತ್ತು ಉತ್ತರ ಬಂದವು. ಕೋಡ್ ರಿವ್ಯೂಗೆ ಎರಡು ದಿನ ಉತ್ತರ ಕೊಡದವರು ಕೂಡ ಬರೆದರು. ಮಾಲ್ಗುಡಿ ಡೇಸ್. ಗಣೇಶನ ಮದುವೆ. ಬಂಗಾರದ ಮನುಷ್ಯ. ನಿತ್ಯೋತ್ಸವ ಕ್ಯಾಸೆಟ್ಟಿನ ಹಾಡುಗಳು. ಮೈಸೂರ ಮಲ್ಲಿಗೆ. ಮತ್ತೆ ಮಾಲ್ಗುಡಿ ಡೇಸ್. ಎಲ್ಲರದ್ದೂ ಒಂದೇ ಪಟ್ಟಿ. ಅದರಲ್ಲಿ ಎಲ್ಲಕ್ಕಿಂತ ಹೊಸದು ‘ಮುಂಗಾರು ಮಳೆ’, ಅದು 2006ರದ್ದು. ಅದನ್ನು ಬರೆದವಳು ತಂಡದ ಅತಿ ಕಿರಿಯ ಹುಡುಗಿ, ಆಗ ಅವಳು ಪ್ರೈಮರಿ ಶಾಲೆಯಲ್ಲಿದ್ದಳು.

ಆ ಪಟ್ಟಿ ನೋಡಿ ಮೊದಲು ಕಣ್ಣು ತುಂಬಿತು. ಜ್ವರದಲ್ಲಿ ಕಣ್ಣು ಬೇಗ ತುಂಬುತ್ತದೆ. ಮರುದಿನ ಅದೇ ಪಟ್ಟಿ ನೋಡಿ ಸಿಟ್ಟು ಬಂತು. ಆ ಸಿಟ್ಟಿನ ಬಗ್ಗೆಯೇ ಈ ಬರಹ. ಇದು ಮೊದಲು ನನ್ನ ಮೇಲಿನ ಸಿಟ್ಟು, ಆಮೇಲೆ ನಿಮ್ಮ ಮೇಲಿನದು. ನಿಮ್ಮನ್ನು ಬಿಡುವ ಉದ್ದೇಶವೇನೂ ಇಲ್ಲ.

ಸಿಟ್ಟಿಗೆ ಕಾರಣ ನಮ್ಮ ಅವ್ವ. ನಮ್ಮೂರು ಗದಗಿನ ಹತ್ತಿರ. ಅವ್ವ ದಿನಕ್ಕೆ ನಾಲ್ಕು ಸಲ ವಿಡಿಯೋ ಕಾಲ್ ಮಾಡಿ ನಾಲಿಗೆ ತೋರಿಸು, ಕಣ್ಣು ತೋರಿಸು ಎನ್ನುತ್ತಿದ್ದಳು. ನಾಲ್ಕನೆಯ ದಿನ ಹಿಂದಿನಿಂದ ಸಿನಿಮಾದ ಸದ್ದು ಕೇಳಿರಬೇಕು.

“ಏನ್ ನೋಡಾಕತ್ತೀ?”

“ಗಣೇಶನ ಮದುವೆ.”

“ಇನ್ನೂ ಅವನ ಮದುವಿ ಮುಗದಿಲ್ಲೇನ?”

ನಾನು ನಕ್ಕೆ. ಅವಳು ನಗಲಿಲ್ಲ. “ಸಾಲಿಗೆ ಹೋಗೂ ಮುಂದ ಜ್ವರಾ ಬಂದ್ರೂ ಅದನ್ನ ನೋಡ್ತಿದ್ದಿ. ಈಗ ತಲೀ ಕೂದ್ಲಾ ಹಣ್ಣಾಗಾಕತ್ತಾವು, ಈಗೂ ಅದನ್ನ. ಡೇರ್‌ಡೆವಿಲ್ ಮುಸ್ತಫಾ ನೋಡೀಯಿಲ್ಲ? ನಿನ್ನ ತಮ್ಮ ಹಾಕಿ ಕೊಟ್ಟಿದ್ದ. ಚಲೋ ಐತಿ.”

ನೋಡಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆ, 2023ರಲ್ಲಿ ಬಂದ ಸಿನಿಮಾ, ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿದ್ದು, ಎಲ್ಲವೂ ಗೊತ್ತಿತ್ತು. ಬಿಡುಗಡೆಯಾದಾಗ ಅದರ ಟ್ರೇಲರನ್ನು ಹಂಚಿಕೊಂಡು ‘ಕನ್ನಡಕ್ಕೆ ಇಂಥವು ಬೇಕು’ ಎಂದು ಬರೆದಿದ್ದೆ ಕೂಡ. ನೋಡಿರಲಿಲ್ಲ, ಅಷ್ಟೇ. ಯಾವ ಅವ್ವನ ನೆನಪಿಗಾಗಿ ನಾನು ಮೂವತ್ತು ವರ್ಷಕ್ಕೂ ಹಳೆಯ ಸಿನಿಮಾ ಹಾಕಿಕೊಂಡು ಮಲಗಿದ್ದೆನೋ, ಆ ಅವ್ವ ಊರಲ್ಲಿ ಕೂತು ನನಗಿಂತ ಮುಂದೆ ಹೋಗಿದ್ದಳು.

ಅವತ್ತೇ ಕೂತು ಲೆಕ್ಕ ಹಾಕಿದೆ. ಆ್ಯಪ್‌ಗಳಲ್ಲಿ ನೋಡಿದ್ದರ ಚರಿತ್ರೆ ಇರುತ್ತದಲ್ಲ, ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ನಾನು ಪೂರ್ತಿ ನೋಡಿದ ಕನ್ನಡ ಸಿನಿಮಾ ಹತ್ತು. ಅದರಲ್ಲಿ ಎಂಟನ್ನು ನೋಡಿದ್ದು ಮೈ ಬಿಸಿ ಇದ್ದಾಗ: ಮೂರು ಫೆಬ್ರವರಿಯ ನೆಗಡಿಯಲ್ಲಿ, ಐದು ಈ ಡೆಂಗ್ಯೂವಿನಲ್ಲಿ. ಎಂಟೂ ನಾನು ಈ ಮೊದಲೇ ನೋಡಿದ್ದವು.

ಗಂಜಿಯ ಮೇಲೆ ನನಗೆ ದ್ವೇಷವಿಲ್ಲ. ಜ್ವರದ ಬಾಯಿಗೆ ಗಂಜಿಯೇ ಸರಿ, ಖಡಕ್ ರೊಟ್ಟಿ ಕೊಟ್ಟರೆ ಯಾರು ತಿನ್ನುತ್ತಾರೆ? ಆದರೆ ಒಬ್ಬ ಮನುಷ್ಯ ವರ್ಷಕ್ಕೆ ಹನ್ನೊಂದು ದಿನ ಗಂಜಿ ಕುಡಿದು, ಉಳಿದ ದಿನ ಪಿಜ್ಜಾ, ರಾಮೆನ್ ತಿಂದು, ನವೆಂಬರ್ ಒಂದರಂದು ಹೆಗಲಿಗೆ ಕೆಂಪು ಹಳದಿ ಶಾಲು ಹಾಕಿಕೊಂಡು ‘ನಮ್ಮ ಅಡುಗೆಯಲ್ಲಿ ಗಂಜಿ ಬಿಟ್ಟು ಏನಿದೆ ಸ್ವಾಮಿ, ಸಪ್ಪೆ’ ಎಂದರೆ ನೀವೇನೆನ್ನುತ್ತೀರಿ? ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ‘ಕನ್ನಡದಲ್ಲಿ ನೋಡೋಕೆ ಏನಿದೆ’ ಎಂದು ಕೇಳುತ್ತಾರೆ. ಮಲಯಾಳದವರನ್ನು ನೋಡಿ ಎನ್ನುತ್ತಾರೆ. ನಾನೂ ಅಂದಿದ್ದೇನೆ. ‘ಗಂಟುಮೂಟೆ’ ನೋಡದವನು, ‘ಪಿಂಕಿ ಎಲ್ಲಿ?’ ನೋಡದವನು, ‘ಹದಿನೇಳೆಂಟು’ ಹೆಸರೇ ಕೇಳದವನು ಈ ಮಾತು ಹೇಳುತ್ತಿದ್ದೆ. ರೊಟ್ಟಿಯ ಬುಟ್ಟಿ ಮುಚ್ಚಳ ತೆಗೆಯದೆ ಊಟಕ್ಕೆ ಹೆಸರಿಟ್ಟ ಹಾಗೆ.

ಈಗ ನಮ್ಮ ಪಟ್ಟಿಯ ರಾಜನನ್ನೇ ನೋಡೋಣ, ಮಾಲ್ಗುಡಿ ಡೇಸ್. ಗಂಜಿ ತಂದ ಕಾಕೂ ಪರದೆಯತ್ತ ನೋಡಿ, ಅರೆ, ಇದನ್ನು ನಾವೂ ಭಾನುವಾರದ ತಿಂಡಿಯಷ್ಟೇ ಪ್ರೀತಿಯಿಂದ ನೋಡುತ್ತಿದ್ದೆವು, ನಿಮ್ಮದು ಅಂತ ಗೊತ್ತೇ ಇರಲಿಲ್ಲ ಎಂದರು. ನಮ್ಮದೇ ಎಂದು ಹೆಮ್ಮೆಯಿಂದ ಹೇಳಿದೆ. ಆಗುಂಬೆಯ ಮನೆ, ಶಂಕರ್‌ನಾಗ್ ನಿರ್ದೇಶನ, ಅಪ್ಪನಾಗಿ ಗಿರೀಶ್ ಕಾರ್ನಾಡ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಕಾಕೂ ಸ್ವಲ್ಪ ಹೊತ್ತು ಕೇಳಿ, ಮತ್ತೆ ಇವರು ಹಿಂದಿ ಯಾಕೆ ಮಾತಾಡುತ್ತಿದ್ದಾರೆ ಎಂದರು. ಆರ್.ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ, ಶಂಕರ್‌ನಾಗ್ ದೂರದರ್ಶನಕ್ಕಾಗಿ ತೆಗೆದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅದು ದೊಡ್ಡ ಕೆಲಸ, ನಾನು ಅದನ್ನು ಸಾಯುವವರೆಗೂ ನೋಡುತ್ತೇನೆ. ಆದರೆ ಕನ್ನಡ ಅಂದಾಗ ನಮ್ಮ ಬಾಯಿಗೆ ಮೊದಲು ಬರುವ ಹೆಸರಿನಲ್ಲಿ ಕನ್ನಡದ ಮಾತಿಲ್ಲ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಚುರುಕ್ ಅಂದಿದೆ? ಕಾಕೂ ಆಮೇಲೆ, ಹಾಗಾದರೆ ಕನ್ನಡದಲ್ಲಿ ಈಗಿನದು ಏನು ನೋಡಲಿ ಹೇಳು ಎಂದರು. ‘ಕಾಂತಾರ’ ಎಂದೆ. ಅದನ್ನು ನೋಡಿದೆ, ಬೇರೆ ಹೇಳು ಎಂದರು. ನನಗೆ ತಲೆ ಸುತ್ತಿದಂತಾಗಿ ಕಣ್ಣು ಮುಚ್ಚಿಕೊಂಡೆ. ಅವತ್ತಿನ ಪ್ಲೇಟ್‌ಲೆಟ್ ಅರವತ್ತೆರಡು ಸಾವಿರ, ನೆಪಕ್ಕೆ ಸಾಲುತ್ತಿತ್ತು.

ನನ್ನಂಥ ಉತ್ತರ ಕರ್ನಾಟಕದವರಿಗೆ ಇನ್ನೊಂದು ಮಾತಿದೆ. ಜ್ವರ ಬಂದು ಶಾಲೆ ತಪ್ಪಿದ ದಿನ ಮಧ್ಯಾಹ್ನ ಟಿವಿಯಲ್ಲಿ ಬರುತ್ತಿದ್ದ ಆ ಸಿನಿಮಾಗಳಲ್ಲಿ (ಕರೆಂಟು ಹೋದರೆ ಅರ್ಧಕ್ಕೇ ನಿಲ್ಲುತ್ತಿದ್ದವು, ಎಷ್ಟೋ ಸಿನಿಮಾಗಳ ಕೊನೆಯನ್ನು ನಾನು ನೌಕರಿಗೆ ಸೇರಿದ ಮೇಲೆ ನೋಡಿದ್ದು) ನಮ್ಮ ಅವ್ವನ ಹಾಗೆ ಮಾತಾಡುವವರು ಯಾರೂ ಇರಲಿಲ್ಲ. ಇದ್ದರೆ ಒಬ್ಬ ಪೈಲ್ವಾನನೋ, ಅಡುಗೆಯವನೋ, ಜನ ನಗಲಿ ಅಂತ ‘ಏನಲೇ’ ಅನ್ನುವವನು. ಬೆಂಗಳೂರಿನ ವಠಾರ ನನಗೆ ಲಂಡನ್ನಿನಷ್ಟೇ ದೂರದ್ದು. ನನ್ನ ಸೀಮೆಯ ಮಾತು ಮಾನದಿಂದ ಕೇಳಿಸಿದ್ದು ಹೆಚ್ಚಾಗಿ ಹಾಡಿನಲ್ಲಿ, ಶರೀಫರಲ್ಲಿ, ಬೇಂದ್ರೆಯವರಲ್ಲಿ. ಹಾಗಿರುವಾಗ ನಾನು ಹಂಬಲಿಸುತ್ತಿದ್ದದ್ದು ನನ್ನ ಭಾಷೆಗಾಗಿಯೂ ಅಲ್ಲ. ಹತ್ತು ವರ್ಷದ ನನಗಾಗಿ, ಹಣೆಯ ಮೇಲಿನ ಒದ್ದೆ ಬಟ್ಟೆಗಾಗಿ. ಅದು ತಪ್ಪಲ್ಲ. ಅದನ್ನೇ ಕನ್ನಡಪ್ರೇಮ ಎಂದು ಕರೆದುಕೊಂಡು ಬರುತ್ತಿದ್ದೇವಲ್ಲ, ಅದು ತಪ್ಪು. ಈ ಪತ್ರಿಕೆಯಲ್ಲೂ ನಾವು ಬರೆಯುವ ನಾಲ್ಕು ಲೇಖನಗಳಲ್ಲಿ ಮೂರು ಕ್ಯಾಸೆಟ್ಟು, ದೂರದರ್ಶನ, ಟೂರಿಂಗ್ ಟಾಕೀಸುಗಳ ಬಗ್ಗೆಯೇ. ನನ್ನದೇ ಎರಡಿವೆ.

ಆರನೆಯ ದಿನ ಜ್ವರ ಇಳಿಯಿತು. ಡೆಂಗ್ಯೂವಿನಲ್ಲಿ ಎಚ್ಚರವಾಗಿರಬೇಕಾದದ್ದು ಜ್ವರ ಇಳಿದ ಮೇಲೆಯೇ ಎಂದು ಡಾಕ್ಟರು ಹೇಳಿದ್ದರಿಂದ ಹಾಸಿಗೆ ಬಿಡುವಂತಿರಲಿಲ್ಲ. ಕಣ್ಣು ಮಾತ್ರ ಸ್ವಲ್ಪ ನೆಟ್ಟಗಾಗಿತ್ತು. ಹುಡುಕಿ ‘ಶಿವಮ್ಮ ಯರೇಹಂಚಿನಾಳ’ ನೋಡಿದೆ. ಜೈಶಂಕರ್ ಆರ್ಯರ್ ಅವರ ಸಿನಿಮಾ, 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದದ್ದು. ನೋಡಿ, ನಾನು ಕೊರಿಯಾದ ಸರಣಿ ನೋಡುತ್ತ ಕೂತಿದ್ದರೆ ಕೊರಿಯಾದವರು ಕೊಪ್ಪಳ ಜಿಲ್ಲೆಯ ಹಳ್ಳಿಯ ಸಿನಿಮಾ ನೋಡಿ ಬಹುಮಾನ ಕೊಟ್ಟು ಕಳಿಸಿದ್ದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೊಬ್ಬಳು ಶಕ್ತಿಯ ಪೇಯ ಮಾರುವ ಚೈನ್ ವ್ಯವಹಾರಕ್ಕೆ ದುಡ್ಡು ಹಾಕಿ, ಊರವರನ್ನೆಲ್ಲ ಅದಕ್ಕೆ ಎಳೆಯಲು ಹೊರಡುವ ಕಥೆ. ನಮ್ಮ ಚಿಕ್ಕವ್ವನೂ ಬಿಸಿಯೂಟದ ಅಡುಗೆಯವಳು. ಅವಳೂ ಒಮ್ಮೆ ಇಂಥದೇ ಪುಡಿಯ ಡಬ್ಬಿ ಹಿಡಿದು ನನಗೆ ಫೋನು ಮಾಡಿದ್ದಳು. ಮೀಟಿಂಗಿನಲ್ಲಿದ್ದೇನೆ ಎಂದು ಇಟ್ಟವನು ಮತ್ತೆ ಮಾಡಿರಲಿಲ್ಲ.

ಆ ಸಿನಿಮಾದಲ್ಲಿ ಶಿವಮ್ಮ ಮಾತಾಡುವ ಪ್ರತಿ ಮಾತೂ ನಮ್ಮ ಮನೆಯದು. ಯಾರೂ ನಗಲಿ ಎಂದು ಹಾಗೆ ಮಾತಾಡುತ್ತಿಲ್ಲ, ಹಾಗೆ ಮಾತಾಡುವವರು ಇದ್ದಾರೆ ಅದಕ್ಕೆ ಮಾತಾಡುತ್ತಿದ್ದಾರೆ. ಹಳೆಯ ಸಿನಿಮಾ ಕೊಡುವ ನೆಮ್ಮದಿಯನ್ನು ಇದು ಕೊಡಲಿಲ್ಲ. ಮುಗಿದ ಮೇಲೆ ಚಿಕ್ಕವ್ವನಿಗೆ ಫೋನು ಮಾಡಿದೆ. ಆ ದುಡ್ಡೇನಾಯಿತು ಎಂದು ಕೇಳುವ ಧೈರ್ಯ ಬರಲಿಲ್ಲ, ಪ್ಲೇಟ್‌ಲೆಟ್ ಬಗ್ಗೆ ಮಾತಾಡಿದೆವು.

ಮರುದಿನ ‘ಮಿಥ್ಯ’. ಮುಂಬೈಯಲ್ಲಿ ಬೆಳೆದ ಹುಡುಗ, ಅಪ್ಪ ಅಮ್ಮ ತೀರಿಹೋದ ಮೇಲೆ ಉಡುಪಿಯ ನೆಂಟರ ಮನೆಗೆ ಬಂದು, ಕನ್ನಡ ಸರಿಯಾಗಿ ಬಾರದೆ ತಡವರಿಸುತ್ತಾನೆ. ಮುಂಬೈ, ಪುಣೆಯ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಕಥೆ ಇನ್ಯಾವುದಿದೆ? ನಮ್ಮ ಮಕ್ಕಳ ಕಥೆ ಇದು. ನಮ್ಮ ಗುಂಪಿನ ಮೂವತ್ತು ಉತ್ತರಗಳಲ್ಲಿ ಒಂದರಲ್ಲೂ ಇದರ ಹೆಸರಿರಲಿಲ್ಲ.

‘ಸಿಗೋದಿಲ್ಲವಲ್ಲ’ ಎನ್ನುತ್ತೀರಿ. ಅರ್ಧ ಒಪ್ಪುತ್ತೇನೆ. ದೊಡ್ಡ ಒಟಿಟಿಗಳಿಗೆ ಕನ್ನಡವೆಂದರೆ ಹಿತ್ತಲ ಬಾಗಿಲು. 2024ರಲ್ಲಿ ‘ಏಕಂ’ ಎಂಬ ಕರಾವಳಿಯ ಕಥೆಗಳ ಸರಣಿಗೆ ಕೊಳ್ಳುವವರು ಸಿಗದೆ, ಮಾಡಿದವರು ತಮ್ಮದೇ ಜಾಲತಾಣ ಕಟ್ಟಿ ಅದರಲ್ಲಿ ಬಿಡುಗಡೆ ಮಾಡಬೇಕಾಯಿತು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ನಟಿಸಿದ್ದ ಸರಣಿಯ ಗತಿ ಇದು. ಆದರೆ ಆ ಕಂಪನಿಗಳ ಹತ್ತಿರ ನಮ್ಮ ಜಾತಕವೂ ಇದೆಯಲ್ಲ. ಎಷ್ಟು ಜನ ಯಾವ ಭಾಷೆಯಲ್ಲಿ ಏನು ನೋಡಿದರು ಎಂಬ ಲೆಕ್ಕ ಇಟ್ಟುಕೊಂಡೇ ಅವರು ದುಡ್ಡು ಹಾಕುತ್ತಾರೆ. ಆ ಲೆಕ್ಕದ ಪುಸ್ತಕದಲ್ಲಿ ಹನ್ನೊಂದು ತಿಂಗಳು ನಾನು ಕೊರಿಯನ್.

ಇನ್ನು ನಾವು ಜೀವ ಬಿಡುವ ಹಳೆಯದರ ಸ್ಥಿತಿಯಾದರೂ ಏನು? ನಾನು ನೋಡಿದ ಒಂದು ಸಿನಿಮಾದ ಬಣ್ಣವೆಲ್ಲ ಹೋಗಿ ಎಲ್ಲರೂ ಗುಲಾಬಿಯಾಗಿದ್ದರು. ಇನ್ನೊಂದರಲ್ಲಿ ನಾಯಕಿಯ ಹಣೆಯ ಮೇಲೆ ಯಾವುದೋ ಕಂಪನಿಯ ಮುದ್ರೆ, ಕುಂಕುಮಕ್ಕೇ ಜಾಗವಿಲ್ಲ. ಮತ್ತೊಂದರ ಕೊನೆಯ ಹತ್ತು ನಿಮಿಷವೇ ಇಲ್ಲ. ಭಾವಗೀತೆಗಳ ಕೆಳಗೆ ಹಾಡಿದವರ ಹೆಸರಿದ್ದರೆ ಪುಣ್ಯ, ಬರೆದ ಕವಿಯ ಹೆಸರಿರುವುದಿಲ್ಲ. ಕೆಳಗೆ ಸಾವಿರಾರು ಜನ ‘ಬಾಲ್ಯ ನೆನಪಾಯಿತು’ ಎಂದು ಬರೆದಿದ್ದಾರೆ. ಸರಿಯಾದ ಪ್ರಿಂಟ್ ಎಲ್ಲಿ ಎಂದು ಕೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ. ನಾನೂ ಕೇಳಿರಲಿಲ್ಲ. ನಮ್ಮ ಹಳೆಯ ಪ್ರೀತಿಗೂ ಇಷ್ಟೇ ನಿಯತ್ತು.

ಥಿಯೇಟರಿನ ಕಥೆ ಚುಟುಕಾಗಿ ಹೇಳುತ್ತೇನೆ, ನಾಚಿಕೆಯಾಗುತ್ತದೆ. ಡೆಂಗ್ಯೂಗೆ ಎರಡು ತಿಂಗಳ ಮೊದಲು ಒಂದು ಸಣ್ಣ ಕನ್ನಡ ಸಿನಿಮಾ ನಮ್ಮ ಮನೆಯಿಂದ ಆರು ಕಿಲೋಮೀಟರ್ ದೂರದ ಥಿಯೇಟರಿನಲ್ಲಿ ಭಾನುವಾರ ಬೆಳಗಿನ ಒಂದೇ ಒಂದು ಆಟಕ್ಕೆ ಬಂದಿತ್ತು. ಗುಂಪಿನಲ್ಲಿ ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದೆವು. ಟಿಕೆಟ್ ತೆಗೆದವರು ನಾಲ್ವರು. ಜನ ಸಾಲದೆಂದು ಆಟ ರದ್ದಾಯಿತು, ಮುಂದಿನ ವಾರ ಸಿನಿಮಾವೇ ಇರಲಿಲ್ಲ. ನಾನು ಆ ಭಾನುವಾರ ಹನ್ನೊಂದರವರೆಗೆ ಮಲಗಿದ್ದೆ. ಜ್ವರವೇನೂ ಇರಲಿಲ್ಲ.

ಹನ್ನೊಂದನೆಯ ದಿನ ಪ್ಲೇಟ್‌ಲೆಟ್ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಬಂತು. ಕಾಕೂಗೆ ‘ಮಿಥ್ಯ’ದ ಹೆಸರು ಬರೆದುಕೊಟ್ಟೆ. ಅವರು ಎರಡೇ ದಿನದಲ್ಲಿ ನೋಡಿ ಮುಗಿಸಿ ಇನ್ನೊಂದು ಕೊಡು ಎಂದರು. ‘ತಿಥಿ’ ಕೊಟ್ಟೆ. ಅದರಲ್ಲಿ ಬರುವ ಗಡ್ಡಪ್ಪನ ನಡಿಗೆಯನ್ನು ಲಿಫ್ಟಿನ ಮುಂದೆ ಮಾಡಿ ತೋರಿಸಿದರು.

ಈ ವಾರ ಗುಂಪಿನಲ್ಲಿ ಮತ್ತೊಂದು ಸಂದೇಶ ಬಂದಿದೆ. ಭಾನುವಾರ, ಬೆಳಿಗ್ಗೆ ಒಂಬತ್ತೂವರೆ, ಕನ್ನಡ ಸಿನಿಮಾ, ಒಂದೇ ಆಟ. ಈಗಾಗಲೇ ಮೂವತ್ತೆಂಟು ಚಪ್ಪಾಳೆ ಬಿದ್ದಿವೆ. ಬುಕಿಂಗ್ ತೆರೆದು ನೋಡಿದೆ, ಆರು ಸೀಟಿಗೆ ಬಣ್ಣ ಬದಲಾಗಿದೆ. ಅದರಲ್ಲಿ ಎರಡು ನನ್ನದು ಮತ್ತು ಕಾಕೂವಿನದು.